ಕಿಟಕಿಗೆ ಕಟ್ಟಿದ ಕರಿ ವೈರು

ನಮ್ಮ ಅಡಿಗೆಮನೆಯ ಕಿಟಕಿ ಬಾಗಿಲು ಗಾಳಿ ಬೀಸಿದಾಗೆಲ್ಲ ದಡಬಡ ಬಡಿದುಕೊಳ್ಳುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಒಂದೂವರೆ ಗೇಣುದ್ದದ ಕರಿ ವೈರು ಕಟ್ಟಿದ್ದೇನೆ. ಕಿರುಬೆರಳು ದಪ್ಪ. ಒಂದು ತುದಿಯಲ್ಲಿ ಪಾಚಿ ಕಟ್ಟಿದ ಹಾಗೆ ಹಸಿರು. ಮನೆಗೆ ಬಂದವರು ಮಜ್ಜಿಗೆ ಕುಡಿಯುತ್ತ ಅದನ್ನೇ ನೋಡಿ, ಒಂದು ದಾರ ಸಿಗಲಿಲ್ಲವೇ ನಿನಗೆ ಎಂದು ಕೇಳುತ್ತಾರೆ. ದಾರ ಬೇಕಾದಷ್ಟಿದೆ. ಆದರೂ ಈ ವೈರನ್ನು ನಾನು ಎಸೆಯುವುದಿಲ್ಲ. ಎಸೆದರೆ ನನಗೆ ಮತ್ತೆ ಜಂಬ ಬಂದುಬಿಡುತ್ತದೆ.

ನಾನು ಓದಿದ್ದು ಎರಡನೇ ಕ್ಲಾಸಿನವರೆಗೆ. ಬಸ್ಸಿನ ಬೋರ್ಡು ಓದುತ್ತೇನೆ, ಅಕ್ಕಿ ಮೂಟೆಯ ಮೇಲಿನ ಹೆಸರು ಓದುತ್ತೇನೆ, ರುಜು ಹಾಕುತ್ತೇನೆ. ಒತ್ತಕ್ಷರ ಬಂದರೆ ಹಳ್ಳ ಕಂಡ ಎತ್ತಿನ ಹಾಗೆ ನಿಂತುಬಿಡುತ್ತೇನೆ. ಇದನ್ನು ಬರೆಯಿರಿ ಎಂದವರು ಸುನಂದ ಟೀಚರು, ನನ್ನ ಸೊಸೆಯ ಕಾರಿನಲ್ಲಿ ದಿನಾ ಸ್ಕೂಲಿಗೆ ಹೋಗುವವರು. ಒತ್ತಕ್ಷರ ಅವರೇ ತಿದ್ದಿದ್ದಾರೆ. ಒರಟು ಮಾತು ತೆಗೆಯಲು ಹೋದರು, ನಾನು ಬಿಡಲಿಲ್ಲ.

ಸೊಸೆಯ ಹೆಸರು ಭಾಗ್ಯ. ಹಳದಿ ಬೋರ್ಡಿನ ಬಿಳಿ ಕಾರು ಅವಳದು. ಇವಳ ಕೈಗೆ ಬರುವ ಹೊತ್ತಿಗೆ ಅದು ಇಬ್ಬರ ಕೈ ದಾಟಿತ್ತು. ನಮ್ಮ ಹೊನ್ನೂರಿನಲ್ಲಿ ಸ್ಕೂಟಿ ಓಡಿಸುವ ಹೆಂಗಸರು ಇದ್ದಾರೆ, ಬಾಡಿಗೆ ಕಾರು ಓಡಿಸುವವಳು ಇವಳೊಬ್ಬಳೇ. ಬೆಳಿಗ್ಗೆ ಯಳಂದೂರು ದಾಟಿ ಕೊಳ್ಳೇಗಾಲಕ್ಕೆ ಹೋಗಿ, ಅಲ್ಲಿ ನಾಲ್ವರು ಟೀಚರಮ್ಮಂದಿರನ್ನು ಹತ್ತಿಸಿಕೊಂಡು ಹನೂರಿನಾಚೆಯ ಸ್ಕೂಲಿಗೆ ಬಿಡುತ್ತಾಳೆ. ಸಂಜೆ ವಾಪಸು ಕರೆತರುತ್ತಾಳೆ. ಇದಕ್ಕೂ ಮೊದಲು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಮೊಬ್ಬಿನಲ್ಲೇ ಬಸ್ಸು ಹತ್ತಿ, ದಿನವಿಡೀ ಅಂಗಿಯ ಎಡತೋಳು ಮಾತ್ರ ಹೊಲಿದು ಬರುತ್ತಿದ್ದಳು. ಬಂದವಳಿಗೆ ಅನ್ನ ಕಲಸುವಷ್ಟು ಶಕ್ತಿಯೂ ಇರುತ್ತಿರಲಿಲ್ಲ. ಕಾರು ಬಂದ ಮೇಲೆ ಮೈ ತುಂಬಿಕೊಂಡಳು, ಬಾಯೂ ಜೋರಾಯಿತು. ನನ್ನ ಮಗ ಮಾದೇಶ ಮಲೆ ಮಹದೇಶ್ವರ ಬೆಟ್ಟದ ಲಾಡ್ಜೊಂದರಲ್ಲಿ ಅಡುಗೆ ಮಾಡುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಹಾಗಾಗಿ ಮನೆಯಲ್ಲಿ ಜಗಳವಾಡಲು ನಾವಿಬ್ಬರೇ.

ಕಾರಿನ ಸ್ಟೇರಿಂಗ್ ಹಿಂದೆ ಮೀಟರು ಇದೆಯಲ್ಲ, ಅದರೊಳಗೆ ಪುಟ್ಟ ಪುಟ್ಟ ದೀಪಗಳಿವೆ. ಬ್ಯಾಟರಿ ಚಿತ್ರದ್ದೊಂದು, ಬ್ರೇಕಿನದೊಂದು, ಎಂಜಿನ್ನಿನದೊಂದು. ಎಂಜಿನ್ ಚಿತ್ರ ನನ್ನ ಕಣ್ಣಿಗೆ ಮೊಟ್ಟೆಯ ಮೇಲೆ ಕೂತ ಕೋಳಿಯ ಹಾಗೆ ಕಾಣುತ್ತದೆ. ಗಾಡಿಗೆ ಏನಾದರೂ ಆದರೆ ಅದಕ್ಕೆ ಸಂಬಂಧಪಟ್ಟ ದೀಪ ಹತ್ತಬೇಕು, ಅದು ಲೆಕ್ಕ.

ನಮ್ಮಪ್ಪನ ಎತ್ತಿನ ಗಾಡಿಗೆ ದೀಪ ಇರಲಿಲ್ಲ. ಕೆಟ್ಟರೆ ಅದು ಕೂಗುತ್ತಿತ್ತು. ಅಚ್ಚು ಒಣಗಿದರೆ ಕೇರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಆಗ ಅಪ್ಪ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆ ಬಳಿಯುತ್ತಿದ್ದ. ಅದರ ಬಿದಿರು ಕೊಳವೆ ಹಿಡಿದು ಹಿಂದೆ ಓಡುವುದು ನನ್ನ ಕೆಲಸ. ಲಂಗದ ತುಂಬ ಕಪ್ಪು ಮಾಡಿಕೊಂಡು ಅವ್ವನ ಕೈಯಲ್ಲಿ ತಿಂದ ಏಟು ಇನ್ನೂ ಬೆನ್ನಿಗೆ ನೆನಪಿದೆ. ನಮ್ಮಲ್ಲಿ ಕೆಂದ ಅಂತ ಒಂದು ಎತ್ತು. ಯಳಂದೂರಿಗೆ ಹೋಗುವಾಗ ಕುಂಟುವುದು, ಬರುವಾಗ ನೆಟ್ಟಗೆ ನಡೆಯುವುದು. ಊರವರು ಬಂದು ಕಾಲು ಎತ್ತಿ ನೋಡಿದರು, ಹೊಸ ಲಾಳ ಹೊಡೆಸಿದರು, ಕಳ್ಳ ಎತ್ತು ಎಂದು ಬೈದರು. ಅಪ್ಪ ಒಂದಷ್ಟು ವಾರ ಏನೂ ಮಾಡದೆ ಅದರ ಪಕ್ಕದಲ್ಲೇ ನಡೆದ. ಆಮೇಲೆ ನನಗೆ ಹೇಳಿದ, "ಏನಾಗದ ಅಂತ ಕೇಳ್ಬ್ಯಾಡ ಕೂಸೇ, ಯಾವಾಗ ಆಯ್ತದ ಅಂತ ನೋಡು." ಹೋಗುವಾಗ ಗಾಡಿಯ ತುಂಬ ಬೆಲ್ಲ, ಬರುವಾಗ ಖಾಲಿ. ಭಾರ ಇದ್ದಾಗ ಮಾತ್ರ ನೊಗ ವಾಲಿಕೊಂಡು ಕೆಂದನ ಹೆಗಲನ್ನು ಒತ್ತುತ್ತಿತ್ತು. ಕಾಲಿಗೆ ಏನೂ ಆಗಿರಲಿಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು ಮುಂದೆ ಏನು ಮಾಡಿದೆ ನೋಡಿ.

ಹೋದ ವರ್ಷ ಸ್ಕೂಲು ಶುರುವಾದ ತಿಂಗಳಿನಿಂದ ಮೀಟರಿನ ದೀಪಗಳು ಆಟ ಹೂಡಿದವು. ರಸ್ತೆಯ ಉಬ್ಬಿನ ಮೇಲೆ ಕಾರು ಕುಲುಕಿದ ಕೂಡಲೇ ಎಲ್ಲ ಒಟ್ಟಿಗೆ ಹತ್ತುವುವು. ವೈಪರು ತಾನಾಗಿಯೇ ಅರ್ಧಕ್ಕೆ ಎದ್ದು ನಿಲ್ಲುವುದು, ಬರುತ್ತಿದ್ದ ಹಾಡು ನಿಂತುಹೋಗುವುದು. ಒಂದು ಫರ್ಲಾಂಗು ದಾಟಿದರೆ ಏನೂ ಆಗಿಲ್ಲವೇನೋ ಎಂಬಂತೆ ಎಲ್ಲ ಸರಿ. ಮೆಕ್ಯಾನಿಕ್ಕಿನ ಹತ್ತಿರ ಹೋದರೆ, ಆಸ್ಪತ್ರೆ ಬಾಗಿಲು ಕಂಡ ಕೂಡಲೇ ಜ್ವರ ಬಿಡುವ ಮಕ್ಕಳ ಹಾಗೆ, ಒಂದು ದೀಪವೂ ಇಲ್ಲ.

ಕೊಳ್ಳೇಗಾಲದ ಮೆಕ್ಯಾನಿಕ್ ಒಬ್ಬ ಸ್ಕ್ಯಾನರು ತಂದು ಚುಚ್ಚಿದ. ಏನೇನೋ ನಂಬರು ಬಂದವು. ಅಳಿಸಿದ. ಹತ್ತು ದಿನಕ್ಕೆ ದೀಪ ಮತ್ತೆ ಬಂತು. ಬ್ಯಾಟರಿ ಹಳತಾಗಿದೆ ಎಂದು ಹೊಸದು ಕೂರಿಸಿದ. ಇಪ್ಪತ್ತು ದಿನ ಸುಖವಾಗಿತ್ತು, ಮತ್ತೆ ಬಂತು. ಮೂರನೇ ಸಲ ಹೋದಾಗ, ದೀಪ ಹತ್ತಿರುವಾಗಲೇ ತಂದು ತೋರಿಸಿ, ಇಲ್ಲದ ಕಾಯಿಲೆಗೆ ನಾನೇನು ಮಾಡಲಿ ಎಂದು ಕೈ ಒರೆಸಿಕೊಂಡನಂತೆ.

ನಾನು ಭಾಗ್ಯಳಿಗೇ ಅಂದೆ, "ಉಬ್ಬು ಕಂಡ್ರೆ ಕುಪ್ಪಳುಸ್ತೀಯ, ಅದ್ಕೇ ಅದು ಕಣ್ ಬುಡ್ತದ."

"ಒಲೆ ಮುಂದ ಕೂತ್ಕಂಡು ಕಾರ್ ಓಡುಸ್ಬ್ಯಾಡಿ ಅತ್ತೆ. ಸಾರು ಸೀದೋಯ್ತಾ ಅದ ನೋಡಿ."

ಸಾರು ನಿಜವಾಗಿಯೂ ಸೀದಿತ್ತು.

ಆದರೆ ನಾನು ಒಂದು ಸರಿಯಾದ ಮಾತನ್ನೂ ಹೇಳಿದ್ದೆ. ಅರ್ತಿಂಗ್ ನೋಡಿಸು ಎಂದಿದ್ದೆ. ಅದು ನನಗೆ ಹೇಗೆ ಗೊತ್ತೆಂದರೆ, ನನ್ನ ಗಂಡ ಬದುಕಿದ್ದಾಗ ಕಬ್ಬಿನ ಗದ್ದೆಯ ಪಂಪ್‌ಸೆಟ್ ನೋಡಿಕೊಳ್ಳುತ್ತಿದ್ದವಳು ನಾನೇ. ಅವರಿಗೆ ಕರೆಂಟು ಎಂದರೆ ಹಾವಿನಷ್ಟು ಭಯ. ಬೇಸಿಗೆಯಲ್ಲಿ ಪಂಪಿನ ಮನೆಯ ಬಲ್ಬು ಮಂಕಾಗುವುದು, ಸ್ಟಾರ್ಟರ್ ಡಬ್ಬ ಮುಟ್ಟಿದರೆ ಜುಮ್ಮೆನ್ನುವುದು. ಪಕ್ಕದ ಅರ್ತಿಂಗ್ ಗುಂಡಿಗೆ ಎರಡು ಬಿಂದಿಗೆ ನೀರು, ಒಂದು ಹಿಡಿ ಉಪ್ಪು ಹಾಕಿದರೆ ಸರಿಹೋಗುತ್ತಿತ್ತು. ಕರೆಂಟು ಬರುವ ದಾರಿಯನ್ನು ಎಲ್ಲರೂ ನೋಡುತ್ತಾರೆ, ವಾಪಸು ಹೋಗುವ ದಾರಿಯನ್ನು ಯಾರೂ ನೋಡುವುದಿಲ್ಲ ಎಂದು ಅಲ್ಲಿನ ಲೈನ್‌ಮನ್ ಹೇಳಿದ್ದು ನನ್ನ ತಲೆಯಲ್ಲಿ ಕೂತಿತ್ತು.

ಭಾಗ್ಯ ನಕ್ಕಳು. ಕಾರು ನಿಂತಿರುವುದು ರಬ್ಬರಿನ ಚಕ್ರದ ಮೇಲೆ, ಅದಕ್ಕೆಲ್ಲಿ ಗುಂಡಿ ತೋಡಲಿ ಎಂದು ಕೇಳಿದಳು. ಅಷ್ಟಕ್ಕೆ ಬಿಡುವ ಜಾತಿಯವಳಲ್ಲ ನಾನು. ಮಾರನೆಯ ಬೆಳಿಗ್ಗೆ ಅವಳು ಏಳುವ ಮುಂಚೆ ನಾಲ್ಕು ಚಕ್ರದ ಬುಡಕ್ಕೂ ಒಂದೊಂದು ಬಿಂದಿಗೆ ನೀರು ಹುಯ್ದೆ. ಅವತ್ತು ದೀಪ ಬರಲಿಲ್ಲ. ನೀವು ನಗಬೇಡಿ, ನಾನು ಗೆದ್ದೆ ಎಂದುಕೊಂಡು ನಾಲ್ಕು ದಿನ ಹುಯ್ದೆ. ಐದನೇ ದಿನ ದೀಪವೂ ಬಂತು, ಅಂಗಳ ಕೆಸರಾಗಿ ಚಕ್ರವೂ ಹೂತುಕೊಂಡಿತು. ಅಕ್ಕಪಕ್ಕದವರು ಬಂದು ತಳ್ಳಿದರು. ಭಾಗ್ಯ ಕೆಸರಾದ ಸೀರೆ ಬದಲಾಯಿಸಿಕೊಂಡು ಹೊರಟುಹೋದಳು. ಒಂದು ಮಾತೂ ಬೈಯಲಿಲ್ಲ.

ಅಲ್ಲಿಂದ ಅವಳ ಬಾಯಿ ಕಟ್ಟಿಹೋಯಿತು. ಏಳುವುದು, ಬಾನೆಟ್ ತೆಗೆದು ಒಳಗೆ ನೋಡುವುದು, ಮುಚ್ಚುವುದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರುವುದು. ಉಪ್ಪಿಲ್ಲದ ಸಾರು ಬಡಿಸಿದರೂ ಉಂಡು ಏಳುತ್ತಿದ್ದಳು. ಕೊಳ್ಳೇಗಾಲದಲ್ಲಿ ರೇವಣ್ಣ ಅಂತ ಒಬ್ಬ ಡ್ರೈವರು, ಇದೇ ಟೀಚರುಗಳನ್ನು ಮೊದಲು ಕರೆದೊಯ್ಯುತ್ತಿದ್ದವನು. ಅವನು ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಬರುತ್ತಿದ್ದಳಂತೆ. ಯಾಕೆ ಎಂದು ಕೇಳಿದರೆ, "ನಾ ಕಾಣಿ" ಎಂದುಬಿಟ್ಟಳು.

ದಸರಾ ರಜೆಗೆ ಸ್ವಲ್ಪ ಮುಂಚೆ ಕಾರು ನಡುದಾರಿಯಲ್ಲಿ ನಿಂತೇಹೋಯಿತು. ಟೀಚರುಗಳು ಬಸ್ಸಿನಲ್ಲಿ ನಿಂತುಕೊಂಡು ಹೋಗಿ, ಪ್ರಾರ್ಥನೆ ಮುಗಿದ ಮೇಲೆ ಸ್ಕೂಲು ಸೇರಿದರು. ಅವರಲ್ಲಿ ಹಿರಿಯರು ರಾಜಮ್ಮ ಟೀಚರು. ಈ ಕಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂರಲು ತಮ್ಮಿಂದಾಗದು, ಬೇರೆ ಗಾಡಿ ನೋಡೋಣ ಎಂದರು. ಸುನಂದ ಟೀಚರು ಅಡ್ಡ ಬಂದು, ರಜೆ ಮುಗಿಯುವವರೆಗಾದರೂ ಅವಕಾಶ ಕೊಡೋಣ ಎಂದರಂತೆ. ಇಷ್ಟನ್ನೂ ಭಾಗ್ಯ ಬಾಗಿಲಿಗೆ ಒರಗಿ ಒಂದೇ ಉಸಿರಿನಲ್ಲಿ ಹೇಳಿದಳು. "ಆಗ್ದೇ ಓದ್ರೆ ಗಾರ್ಮೆಂಟ್ಸ್ ಬಸ್ಸು ಇದ್ದೇ ಅದ" ಎಂದು ಬಿಂದಿಗೆ ಎತ್ತಿಕೊಂಡು ನಲ್ಲಿಗೆ ಹೋದಳು.

ಇಲ್ಲಿಯವರೆಗೆ ನಾನು ನಿಮ್ಮಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಅವಳಿಂದಲೂ ಮುಚ್ಚಿಟ್ಟಿದ್ದೆ.

ಕಾರು ಮನೆಗೆ ಬಂದ ದಿನವೇ ನಾನು ಮುಂಭಾಗಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದ್ದೆ. ಓದಿದವರು ಕೂರುವ ಗಾಡಿ, ನಗುತ್ತಾರೆ ಎಂದು ಭಾಗ್ಯ ಬಿಚ್ಚಿ ಎಸೆದಳು. ಊರಿನ ಕಣ್ಣೆಲ್ಲ ಅವಳ ಮೇಲಿರುವಾಗ ನನಗೆ ತಡೆಯುತ್ತದೆಯೇ? ಬಾನೆಟ್ ತೆಗೆಯಲು ಎಲ್ಲಿ ಎಳೆಯಬೇಕೆಂದು ನೋಡಿಟ್ಟುಕೊಂಡೆ. ಪ್ರತಿ ಅಮಾವಾಸ್ಯೆ ಅವಳು ಸ್ನಾನಕ್ಕೆ ಹೋದಾಗ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಬ್ಯಾಟರಿಯ ಪಕ್ಕದಲ್ಲಿ ಕೆಳಗೆ ಗೂಡಿನಂಥ ಜಾಗ ಇದೆ, ಅಲ್ಲಿಗೆ ತುರುಕಿಬಿಡುತ್ತಿದ್ದೆ. ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ದೀಪಗಳ ಕಾಟ ಶುರುವಾದ ಮೇಲೆ ಒಂದರ ಜಾಗಕ್ಕೆ ಎರಡು ಇಟ್ಟೆ. ಅವಳು ದಿನಾ ಬಾನೆಟ್ ತೆಗೆದು ನೋಡುವಾಗ ನಾನು ಪೊರಕೆ ಹಿಡಿದು ಅಲ್ಲೇ ಸುತ್ತುತ್ತಿದ್ದೆ. ಏನೂ ಕೇಳಲಿಲ್ಲವಲ್ಲ, ಕಂಡಿಲ್ಲ ಎಂದುಕೊಂಡೆ.

ರಜೆ ಶುರುವಾದ ಕೂಡಲೇ ಮಾದೇಶ ಫೋನು ಮಾಡಿ, ಹನೂರಿನಲ್ಲಿ ಪಳನಿ ಅಂತ ಒಬ್ಬ ಕಾರಿನ ಎಲೆಕ್ಟ್ರಿಷಿಯನ್ ಇದ್ದಾನೆ, ಲಾಡ್ಜಿನ ಗಾಡಿಗಳೆಲ್ಲ ಅವನ ಹತ್ತಿರವೇ ಹೋಗುತ್ತವೆ ಎಂದ. ಸೋಮವಾರ ಭಾಗ್ಯ ಹೊರಟಳು. ಹಾಗೇ ಬೆಟ್ಟ ಹತ್ತಿ ಮಗನನ್ನು ನೋಡಿದಂತಾಯಿತು ಎಂದು ನಾನೂ ಹತ್ತಿ ಕೂತೆ. ಹನೂರು ಸೇರುವುದರೊಳಗೆ ಕೋಳಿ, ಬ್ಯಾಟರಿ, ಬ್ರೇಕು ಎಲ್ಲವೂ ಮೂರು ಸಲ ಹತ್ತಿ ಮೂರು ಸಲ ಆರಿದವು.

ಪಳನಿ ಪಾಲಾರ್ ಕಡೆಯವನು, ತಲೆ ನರೆತವನು. ಅರ್ಧ ತಮಿಳು ಅರ್ಧ ಕನ್ನಡ. ನನ್ನನ್ನು ಪಾಟಿ ಎಂದ, ಅವರ ಮಾತಿನಲ್ಲಿ ಅಜ್ಜಿ ಎಂದರ್ಥ. ಅವನು ಬಂದವನೇ ಏನನ್ನೂ ಚುಚ್ಚಲಿಲ್ಲ, ಒಂದು ಡಬ್ಬ ಎಳೆದುಕೊಂಡು ಕೂತು ಪ್ರಶ್ನೆ ಕೇಳಿದ. ದೀಪಗಳು ಒಂದೊಂದೇ ಬರುತ್ತವೋ, ಒಟ್ಟಿಗೋ? ಬಿಸಿಲಿಗೋ, ಕುಲುಕಿದಾಗಲೋ? ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಎಷ್ಟು ದಿನ ನೆಟ್ಟಗಿತ್ತು? ನನಗೆ ಕೆಂದನ ಪಕ್ಕದಲ್ಲಿ ನಡೆಯುತ್ತಿದ್ದ ಅಪ್ಪನ ನೆನಪಾಯಿತು.

ಎಲ್ಲ ಕೇಳಿಸಿಕೊಂಡು ಅವನು ಹೇಳಿದ, "ಐದು ಕಾಯ್ಲೆ ಒಟ್ಟಿಗೆ ಬಂದು ಒಟ್ಟಿಗೆ ಓಗಲ್ಲಮ್ಮ. ಎಲ್ಲಾಕ್ಕೂ ಸೇರಿ ವಾಪಸ್ ಬರೋ ದಾರಿ ಒಂದೇ. ಅರ್ತಿಂಗ್ ನೋಡಣ."

ಕಾರಿಗೆ ಅದರ ತಗಡೇ ಭೂಮಿಯಂತೆ. ಎಲ್ಲ ದೀಪಗಳ ಕರೆಂಟೂ ಆ ತಗಡಿಗೆ ಇಳಿದು, ಒಂದೇ ಒಂದು ಕರಿ ವೈರಿನಲ್ಲಿ ಬ್ಯಾಟರಿಗೆ ವಾಪಸಾಗಬೇಕಂತೆ. ನಾನು ಭಾಗ್ಯಳ ಮುಖ ನೋಡಿದೆ. ಸೆರಗು ಸರಿ ಮಾಡಿಕೊಂಡೆ. ಅರ್ಧ ನಿಮಿಷ ಮೂರು ತಾಲ್ಲೂಕಿನಲ್ಲಿ ನನ್ನಂಥ ಮೆಕ್ಯಾನಿಕ್ ಇರಲಿಲ್ಲ.

ಪಳನಿ ಎಂಜಿನ್ ಚಾಲೂ ಮಾಡಿಸಿ, ಮುಂದಿನ ದೀಪ ಹಾಕಿಸಿ, ವೈರುಗಳನ್ನು ಒಂದೊಂದೇ ಅಲುಗಿಸುತ್ತ ಬಂದ. ಬ್ಯಾಟರಿಯ ಪಕ್ಕದಲ್ಲಿ ಕೆಳಗೆ ಕೈ ಹಾಕಿದವನು ಸರಕ್ಕನೆ ವಾಪಸು ತೆಗೆದ. ಬಗ್ಗಿ ನೋಡಿದ. ಎರಡು ಹೆಜ್ಜೆ ಹಿಂದೆ ಸರಿದು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಇದ ನಾ ಮುಟ್ಟಲ್ಲ. ಯಾರ್ ಇಟ್ರೋ ಅವ್ರೇ ತೆಗೀಬೇಕು."

ನಮ್ಮ ಕಡೆ ಹಾಗೆಯೇ. ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಯಾರೂ ಕೈ ಹಚ್ಚುವುದಿಲ್ಲ. ಇಟ್ಟವರು ಯಾರೋ, ಯಾಕೆ ಇಟ್ಟರೋ, ಮುಟ್ಟಿದವರ ತಲೆಗೆ ಯಾಕೆ ಬರಬೇಕು? ಕೊಳ್ಳೇಗಾಲದವನು ಹೊಸ ಬ್ಯಾಟರಿ ಕೂರಿಸುವಾಗ ಅದನ್ನು ಕಂಡೇ ಇರುತ್ತಾನೆ. ವೈರಿನ ಮೇಲಿನ ತುದಿ ಬಿಗಿ ಮಾಡಿ, ಹಣ್ಣಿನ ತಂಟೆಗೆ ಹೋಗದೆ ಬಾನೆಟ್ ಮುಚ್ಚಿದ್ದಾನೆ.

ಆಗ ಭಾಗ್ಯ ಪಳನಿಯ ಹತ್ತಿರ ಸರಿದು, ನನಗೆ ಕೇಳಿಸಬಾರದೆಂದು ಸಣ್ಣ ದನಿಯಲ್ಲಿ ಮಾತಾಡಿದಳು. ನನ್ನ ಕಣ್ಣು ಮಂಜು, ಕಿವಿ ಚೆನ್ನಾಗಿದೆ.

"ಗೊತ್ತು ಕಣಣ್ಣ. ಅಮಾಸೆ ಅಮಾಸೆಗೆ ಒಸ್ದು ಇಡ್ತಾವ್ರ. ರೇವಣ್ಣ ಮಾಡ್ಸಿರದು. ಮೆಲ್ಗೆ ಮಾತಾಡಿ, ನಮ್ಮತ್ತೆ ಎದ್ರಿಕತಾರ."

ಆಗ ನನಗೆ ಎಲ್ಲ ತಿಳಿಯಿತು. ಇವಳ ಬಾಯಿ ಕಟ್ಟಿದ್ದು ದೀಪಗಳಿಂದಲ್ಲ. ಯಾರೋ ತನ್ನ ಕೇಡು ಬಯಸಿ ಮಾಟ ಮಾಡಿಸಿದ್ದಾರೆ ಎಂದುಕೊಂಡು, ಆ ಹಣ್ಣನ್ನು ಮುಂದಿಟ್ಟುಕೊಂಡೇ ದಿನಾ ಸ್ಟೇರಿಂಗ್ ಹಿಡಿದಿದ್ದಾಳೆ. ನಾಲ್ಕು ಮನೆಯ ಹೆಣ್ಣುಮಕ್ಕಳನ್ನು ಹಿಂದೆ ಕೂರಿಸಿಕೊಂಡು. ನಾನು ಹೆದರುತ್ತೇನೆ ಎಂದು ಮನೆಯಲ್ಲಿ ಉಸಿರು ಬಿಟ್ಟಿಲ್ಲ.

ಸುಮ್ಮನಿದ್ದರೆ ನಡೆಯುತ್ತಿತ್ತು. ಬೆಟ್ಟದಿಂದ ಯಾರನ್ನಾದರೂ ಕರೆಸಿ, ಕಾಯಿ ಒಡೆಸಿ, ತೆಗೆಸುತ್ತಿದ್ದರು. ರೇವಣ್ಣನ ಹೆಸರು ಹಾಳಾಗಿ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು. ಸುಳ್ಳೇಕೆ, ಹಾಗೇ ಬಿಟ್ಟುಬಿಡಲು ಮನಸ್ಸೂ ಆಯಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದೆ. ಒಳಗೆ ಕೈ ಹಾಕಿ ಹೊಸ ಹೋಳುಗಳನ್ನೂ, ಅದರಡಿಯಲ್ಲಿ ಒಣಗಿ ಕರಿಕಟ್ಟಿದ ಹಳೆಯವನ್ನೂ ಬಾಚಿ ತೆಗೆದೆ.

"ನಾನೇ ಕನವ್ವ ಇಟ್ಟದ್ದು" ಎಂದೆ.

ಭಾಗ್ಯ ನನ್ನ ಅಂಗೈ ನೋಡಿದಳು, ನನ್ನ ಮುಖ ನೋಡಿದಳು.

"ನೀವಾ?"

"ಊಂ."

"ಎರಡೆರಡು?"

"ದೀಪ ಜಾಸ್ತಿ ಆದ್ಮೇಲೆ ಎರಡು."

ಅವಳು ಅಲ್ಲಿದ್ದ ಹಳೇ ಟೈರಿನ ಮೇಲೆ ಕುಸಿದು ಕೂತು ನಗತೊಡಗಿದಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಪಳನಿಗೆ ತಿಳಿಯದೆ, ಓಡಿಹೋಗಿ ನೀರಿನ ಬಾಟಲಿ ತಂದ. ಕುಡಿದು ಬಾಯಿ ಒರೆಸಿಕೊಂಡು ಎದ್ದು ನಿಂತು ಬೈಯಲು ಹಿಡಿದಳು ನೋಡಿ, ಅಷ್ಟು ತಿಂಗಳು ಕೂಡಿಟ್ಟದ್ದನ್ನೆಲ್ಲ ಹೊರಗೆ ಹಾಕಿದಳು. ನನ್ನ ಅರ್ತಿಂಗ್ ಮಾತು, ಕೆಸರಿನ ಅಂಗಳ, ಸೀದ ಸಾರು, ಉಪ್ಪಿಲ್ಲದ ಸಾರು, ಯಾವುದನ್ನೂ ಬಿಡಲಿಲ್ಲ. ಬೆಟ್ಟಕ್ಕೆ ನಡೆದು ಹೋಗುತ್ತಿದ್ದ ಪರಸೆಯವರು ನಿಂತು ಕೇಳಿ, ಮುಂದೆ ನಡೆದರು. ನಾನು ಎರಡೂ ಕೈಯಲ್ಲಿ ನಿಂಬೆಹೋಳು ಹಿಡಿದು ನಿಂತೇ ಇದ್ದೆ. ಬಹಳ ದಿನದ ಮೇಲೆ ನನ್ನ ಸೊಸೆ ವಾಪಸು ಬಂದಿದ್ದಳು.

ಅಷ್ಟರಲ್ಲಿ ಪಳನಿ ವೈರು ಬಿಚ್ಚಿದ್ದ. ಬ್ಯಾಟರಿಯಿಂದ ಬಂದ ಕರಿ ವೈರನ್ನು ಕಾರಿನ ತಗಡಿಗೆ ಬೋಲ್ಟು ಹಾಕಿ ಕೂರಿಸಿದ ಜಾಗವೇ ನನ್ನ ಗೂಡು. ರಸ ಇಳಿದೂ ಇಳಿದೂ ವೈರಿನ ತುದಿಯ ತಾಮ್ರ ಹಸಿರಾಗಿ ಪುಡಿಯಾಗಿ ಹೋಗಿತ್ತು. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಚ್ಚಿ ತೊಳೆಯದೆ ಬಿಟ್ಟರೆ ಏನಾಗುತ್ತದೆಂದು ಐವತ್ತು ವರ್ಷ ಪಾತ್ರೆ ಬೆಳಗಿದ ನನಗೆ ಹೊಳೆಯಲಿಲ್ಲ. ಅರ್ಧ ಸತ್ತ ತಾಮ್ರ ಕುಲುಕಿದಾಗ ಬಿಡುತ್ತಿತ್ತು, ಮತ್ತೆ ಕುಲುಕಿದಾಗ ಹಿಡಿಯುತ್ತಿತ್ತು.

"ಅರ್ತಿಂಗ್ ಅಂತ ಏಳಿದ್ದೂ ಪಾಟಿನೇ, ಅರ್ತಿಂಗ್ ಕೆಡಿಸಿದ್ದೂ ಪಾಟಿನೇ" ಎಂದ ಪಳನಿ. ತಗಡನ್ನು ಮರಳು ಕಾಗದದಿಂದ ಉಜ್ಜಿ ಬೆಳ್ಳಗೆ ಮಾಡಿ, ಹೊಸ ವೈರು ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದ. ಒಂದು ಕಾಫಿ ಕುಡಿಯುವಷ್ಟು ಹೊತ್ತಿನ ಕೆಲಸ. ಹಳೆಯ ವೈರನ್ನು ನನ್ನ ಕೈಗೆ ಕೊಟ್ಟ. ಪೂಜೆ ಮಾಡಿದವರಿಗೆ ಪ್ರಸಾದ ಸಲ್ಲಬೇಕಂತೆ.

ಅಲ್ಲಿಂದ ಬೆಟ್ಟಕ್ಕೆ ಹೋದೆವು. ಆ ತಿರುವುಗಳಲ್ಲಿ ಜನ ಕಾಡು ನೋಡುತ್ತಾರೆ, ಕಣಿವೆ ನೋಡುತ್ತಾರೆ. ನಾನು ಮುಂದಿನ ಸೀಟಿನಲ್ಲಿ ಕೂತು ಮೀಟರು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಗುಂಡಿ ಬಂತು, ಉಬ್ಬು ಬಂತು, ಎದುರಿನಿಂದ ಬಸ್ಸು ಬಂದು ಗಕ್ಕನೆ ಬ್ರೇಕು ಹಾಕಿದ್ದೂ ಆಯಿತು. ಕೋಳಿ ಏಳಲಿಲ್ಲ. ಮೇಲೆ ಮಾದೇಶನಿಗೆ ಸುದ್ದಿ ಮೊದಲೇ ತಲುಪಿತ್ತು. ಎಲೆ ಹಾಕಿ, ತುದಿಗೆ ನಿಂಬೆ ಉಪ್ಪಿನಕಾಯಿ ಬಡಿಸಿ, ಮುಖ ಆಚೆ ತಿರುಗಿಸಿ ನಕ್ಕ. ನಾನು ತಿಂದೆ.

ರಜೆ ಮುಗಿದ ಮೇಲೆ ರಾಜಮ್ಮ ಟೀಚರು ಎರಡು ವಾರ ಮುಂದೆ ಕೂತು ಮೀಟರು ಕಾದರು. ಮೂರನೇ ವಾರ ಹಿಂದಿನ ಸೀಟಿಗೆ ಹೋಗಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದರಂತೆ. ಈಗಲೂ ಹನೂರು ಬರುವವರೆಗೆ ಅವರಿಗೆ ಒಳ್ಳೇ ನಿದ್ದೆ. ಭಾಗ್ಯ ಒಂದು ದಿನ ರೇವಣ್ಣನನ್ನು ಕರೆದು ಟೀ ಕುಡಿಸಿದಳು. ಅವನು ಯಾಕೆ ಯಾಕೆ ಎಂದು ಕೇಳಿದನಂತೆ. ಇವಳು ಹೇಳಿಲ್ಲ.

ಮುಂದಿನ ಅಮಾವಾಸ್ಯೆಗೆ ನಾನು ನಿಂಬೆಹಣ್ಣಿನ ಮಾತೇ ಎತ್ತಲಿಲ್ಲ. ಭಾಗ್ಯಳೇ ಒಂದು ಹಣ್ಣು, ಮೆಣಸಿನಕಾಯಿ, ದಾರ ತಂದು ನನ್ನ ಮುಂದೆ ಇಟ್ಟಳು.

"ಮುಂದ್ಗಡೆ ಕಟ್ಟಿ. ನಗೋರು ನಗ್ಲಿ. ಆದ್ರೆ ನನ್ ಎದ್ರುಗೇ ಕಟ್ಟಿ ಅತ್ತೆ."

ಕಟ್ಟಿದೆ. ಟೀಚರುಗಳು ಯಾರೂ ನಗಲಿಲ್ಲ. ರಾಜಮ್ಮ ಟೀಚರು ಗಂಟು ಸಡಿಲವಾಗಿದೆ ಎಂದು ತಾವೇ ಇನ್ನೊಂದು ಗಂಟು ಹಾಕಿದರಂತೆ.

ಬೆಳಿಗ್ಗೆ ಅವಳು ಹೊರಡುವಾಗ ನಾನು ಬುತ್ತಿ ಡಬ್ಬಿ ಹಿಡಿದು ಕಾರಿನ ಪಕ್ಕ ನಿಲ್ಲುತ್ತೇನೆ. ಕೀ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು, ಎಂಜಿನ್ ಎದ್ದ ಮೇಲೆ ಆರಬೇಕು. ಹಾಗೆ ಒಮ್ಮೆಯೂ ಹತ್ತದ ದೀಪಕ್ಕೇ ಹೆದರಬೇಕು, ಅದು ಸತ್ತಿರುತ್ತದೆ ಎಂದು ಪಳನಿ ಹೇಳಿಕೊಟ್ಟಿದ್ದಾನೆ. ನಾನು ಬಗ್ಗಿ ನೋಡುತ್ತೇನೆ. ಬ್ಯಾಟರಿ, ಬ್ರೇಕು, ಕೋಳಿ, ಎಲ್ಲ ಹತ್ತಿ ಎಲ್ಲ ಆರುತ್ತವೆ. ಭಾಗ್ಯಳೂ ಹೊರಡುವ ಮುಂಚೆ ಒಂದು ಸಲ ನನ್ನ ಮೇಲೆ ರೇಗುತ್ತಾಳೆ. ಡಬ್ಬಿಯ ಮುಚ್ಚಳ ಬಿಗಿಯಿಲ್ಲ, ಚಟ್ನಿಗೆ ಉಪ್ಪು ಹೆಚ್ಚು, ದಾರಿಗೆ ಅಡ್ಡ ನಿಂತಿದ್ದೀರಿ. ನಾನು ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಆಮೇಲೆ ಒಳಗೆ ಬಂದು, ಕಿಟಕಿಯ ವೈರು ಬಿಗಿ ಮಾಡಿ, ಒಲೆಯ ಮುಂದೆ ಕೂರುತ್ತೇನೆ.